ಅಮ್ಮನ ಕೆಡ್ಡಸ, ನನ್ನ ತೋಟ

ನನ್ನ ಅಮ್ಮ ಮೂವತ್ತೆಂಟು ವರ್ಷ ಕೆಡ್ಡಸ ಮಾಡಿದ್ದು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯಲ್ಲಿ, ಒಂದು ತುಳಸಿ ಕುಂಡದ ಮುಂದೆ. ಮೂರನೇ ಮಹಡಿ. ಕುಂಡದಲ್ಲಿ ಬೊಗಸೆಯಷ್ಟು ಮಣ್ಣು. ಇಡೀ ಭೂಮಿತಾಯಿ ಅಷ್ಟರಲ್ಲೇ ಮುದುರಿ ಕುಳಿತು ಎಣ್ಣೆ ಹಚ್ಚಿಸಿಕೊಳ್ಳಬೇಕಿತ್ತು. ಕೆಳಗೆ ಸೊಸೈಟಿಯ ಅಂಗಳದಲ್ಲಿ ಒಂದು ಕಾಲಕ್ಕೆ ಮಣ್ಣಿತ್ತು, ಆಮೇಲೆ ಗಾಡಿ ನಿಲ್ಲಿಸಲೆಂದು ಅದಕ್ಕೂ ಪೇವರ್ ಬ್ಲಾಕ್ ಹಾಕಿಸಿದರು. ಆ ದಿನ ಅಮ್ಮ ಗ್ಯಾಲರಿಯ ಸರಳು ಹಿಡಿದು ಕೆಳಗೆ ನೋಡುತ್ತ ನಿಂತಿದ್ದಳು. "ಅದಕ್ಕೆ ಉಸಿರು ಕಟ್ಟುದಿಲ್ವಾ ಮಗಾ?" ಎಂದು ಕೇಳಿದಳು. ನಾನು ನಕ್ಕುಬಿಟ್ಟೆ.

ಕೆಡ್ಡಸ ಎಂದರೇನೆಂದು ತುಳುನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಲೇಬೇಕು. ಫೆಬ್ರವರಿಯಲ್ಲಿ, ಮಕರ ಮಾಸ ಮುಗಿಯುವ ಹೊತ್ತಿಗೆ, ಮೂರು ದಿನ ಭೂಮಿ ಮುಟ್ಟಾಗುತ್ತಾಳೆ ಎಂದು ನಮ್ಮವರ ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿರು ಕಡಿಯುವಂತಿಲ್ಲ. ಕಡೆಯ ದಿನ ಮನೆಯ ಮುತ್ತೈದೆ ನೆಲಕ್ಕೆ ಎಣ್ಣೆ ಬಿಟ್ಟು, ಅರಶಿನ, ಕುಂಕುಮ, ಸೀಗೆಪುಡಿ ಇಟ್ಟು ತಾಯಿಯನ್ನು ಮೀಯಿಸುತ್ತಾಳೆ. ಕುಚ್ಚಲಕ್ಕಿ ಹುರಿದು ಪುಡಿ ಮಾಡಿ, ಬೆಲ್ಲ, ಕಾಯಿತುರಿ ಬೆರೆಸಿದ ನನ್ನೆರಿಯನ್ನು ಅವಳಿಗೆ ಬಡಿಸುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಎಣ್ಣೆ ಬಿಡುವ ಕೆಲಸ ನನ್ನ ಹೆಂಡತಿಯದ್ದಾಯಿತು. ಅವಳು ಹುಬ್ಬಳ್ಳಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಠಾಣೆಯ ನೌಪಾಡಾದಲ್ಲಿ, ಕೆಡ್ಡಸದ ಹೆಸರನ್ನೂ ಕೇಳಿದವಳಲ್ಲ. ಅಮ್ಮ ಹಿಂದೆ ನಿಂತು ಹೇಳಿಕೊಡುತ್ತಿದ್ದಳು, ಆ ದಿನ ಕುಂಡವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಅಮ್ಮನಿಗೆ ಇದ್ದ ಒಂದೇ ಒಂದು ಆಸೆಯೆಂದರೆ, ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ ನಿಜವಾದ ನೆಲಕ್ಕೆ ಕೆಡ್ಡಸ ಮಾಡಿಸಬೇಕು. ಊರಿನ ನೆಲ ಪಾಲಾಗಿ, ಮಾರಿಹೋಗಿ ಯಾವುದೋ ಕಾಲವಾಗಿತ್ತು. ಅದನ್ನು ನೆನೆಸಿಕೊಂಡು ಅಳುವ ಹೆಂಗಸು ಅವಳಲ್ಲ. "ಯಾವ ಊರಿನದ್ದಾದರೆ ಎಂತ, ತಾಯಿ ಒಬ್ಬಳೇ ಅಲ್ವಾ? ಹುಳ ಓಡಾಡುವ ಮಣ್ಣು ಸಾಕು" ಎನ್ನುತ್ತಿದ್ದಳು. ಮನೆಯಲ್ಲಿ ನಾವು ಮಾತಾಡುವುದು ತುಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟರಮಟ್ಟಿಗೆ ಇದು ಸಪ್ಪೆಯಾಗಿರುತ್ತದೆ.

ಆ ಆಸೆಯನ್ನು ತೀರಿಸಲು ಹೋಗಿಯೇ ನಾನು ಅವಳನ್ನು ಹಾಳು ಮಾಡಿದ್ದು.

ನಾನು ರಬಾಳೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನು ನಡೆಸುತ್ತಿದ್ದೆ. ದಿನಾ ಸೊಪ್ಪು ಬೇಕು. ಪೇಟೆಯಿಂದ ಬರುವ ಪಾಲಕ್ ತೊಳೆದರೆ ಬಕೆಟಿನ ನೀರು ಮೋರಿಯ ಬಣ್ಣಕ್ಕೆ ತಿರುಗುತ್ತಿತ್ತು. ರೈಲು ಹಳಿಗಳ ನಡುವೆ, ನಾಲೆಯ ನೀರಲ್ಲಿ ಬೆಳೆಯುವ ಸೊಪ್ಪು ಅದು ಎಂದು ಲೋಕಲ್‌ನಲ್ಲಿ ಓಡಾಡುವವರಿಗೆಲ್ಲ ಗೊತ್ತು. ಗೊತ್ತಿದ್ದೂ ತಿನ್ನುತ್ತೇವೆ. ನನಗೆ ಇದ್ದಕ್ಕಿದ್ದಂತೆ ಪೌರುಷ ಬಂತು. ನಾನೇ ಬೆಳೆಯುತ್ತೇನೆ, ಊಟ ಹಾಕಿದರೆ ಶುದ್ಧ ಸೊಪ್ಪಿನ ಊಟ ಹಾಕುತ್ತೇನೆ ಎಂದು ಎಲ್ಲರ ಮುಂದೆ ಕೊಚ್ಚಿಕೊಂಡೆ. ಕಲ್ಯಾಣ್ ಸ್ಟೇಷನ್ನಿಂದ ಶೇರ್ ರಿಕ್ಷಾದಲ್ಲಿ ಅರ್ಧ ಗಂಟೆ ಹೋದರೆ ಊರು ಮುಗಿಯುವ ಕಡೆ ಅರ್ಧ ಎಕರೆ ಗೇಣಿಗೆ ಸಿಕ್ಕಿತು. ಧಣಿ ಅಲ್ಲಿನದೇ ಹಳೆಯ ರೈತ, ಉಳಿದ ಭೂಮಿಯನ್ನೆಲ್ಲ ಗೋಡೌನುಗಳಿಗೆ ಕೊಟ್ಟು ಇದೊಂದನ್ನು ಉಳಿಸಿಕೊಂಡಿದ್ದ.

ಮೊದಲ ದಿನವೇ ಮಣ್ಣು ನನಗೆ ತನ್ನ ಸಂಗತಿ ಹೇಳಿತ್ತು, ಕೇಳಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮೇಲೆ ಬಿಳಿಯ ಉಪ್ಪು ಕಟ್ಟಿತ್ತು. ಹಾರೆ ಹಾಕಿದರೆ ಠಣ್ ಎಂದು ಹಿಂದಕ್ಕೆ ಬರುತ್ತಿತ್ತು. ನೀರು ಬಿಟ್ಟರೆ ಒಳಗೆ ಇಳಿಯದೆ ಮೇಲೆಯೇ ನಿಂತು, ಒಣಗಿದ ಮೇಲೆ ಬಿರುಕು ಬಿಡುತ್ತಿತ್ತು. ಧಣಿ ಮರಾಠಿಯಲ್ಲಿ ನಿರಾಳವಾಗಿ ಹೇಳಿದ, "ಶೇಠ್, ಖತ್ ಟಾಕ್ಲ್ಯಾಶಿವಾಯ್ ಇಥೇ ಕಾಹೀ ಯೇಣಾರ್ ನಾಹೀ." ಗೊಬ್ಬರ ಹಾಕದೆ ಇಲ್ಲಿ ಏನೂ ಬರುವುದಿಲ್ಲ ಅಂತ. ಅವನು ಹೇಳಿದ ಗೊಬ್ಬರ ಸೆಗಣಿಯದ್ದಲ್ಲ, ಚೀಲದ್ದು.

ಕಳೆ ಕೀಳಲು, ಕೊಯ್ಯಲು ಒಬ್ಬ ಹೆಂಗಸು ಬರುತ್ತಿದ್ದಳು. ವಿಜಯಪುರ ಕಡೆಯವಳು. ಗಂಡ ಕಲ್ಯಾಣ್ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲಿ. ಅವಳು ನನ್ನನ್ನು ಅಣ್ಣಾರ ಎನ್ನುತ್ತಿದ್ದಳು, ನಾನು ಅವಳನ್ನು ತಂಗೀ ಎನ್ನುತ್ತಿದ್ದೆ. ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ ಒಂದು ಹೆಂಟೆ ಎತ್ತಿ, ಒಡೆದು, ಮೂಸಿ ನೋಡಿ ಕೆಳಗೆ ಹಾಕಿದಳು.

"ಅಣ್ಣಾರ, ಇದರಾಗ ಜೀವಾ ಇಲ್ರಿ. ಒಂದು ಎರಿಹುಳಾ ಸೈತ ಇಲ್ಲ. ನಮ್ಮ ಕಡೆ ಹೊಲ ಹರಗಿದ್ರ ಬೆಳ್ಳಕ್ಕಿ ಬೆನ್ನ ಹಿಂದ ಬರ್ತಾವು. ಇಲ್ಲಿ ಕಾಗಿನೂ ಇಳೀವಲ್ದು ನೋಡ್ರಿ."

"ನೀನು ಕಳೆ ಕೀಳು ತಂಗಿ, ಕಾಗೆ ಲೆಕ್ಕ ಆಮೇಲೆ ಹಾಕೋಣ" ಎಂದೆ. ನನ್ನ ನಾಲಿಗೆ ಮೊದಲಿನಿಂದಲೂ ಅಷ್ಟೇ.

ಯೂರಿಯಾ ಹಾಕಿದ ನಾಲ್ಕೈದು ದಿನಕ್ಕೆ ಹರಿವೆ ಸೊಪ್ಪನ್ನು ನೋಡಬೇಕಿತ್ತು. ಕಪ್ಪೆನ್ನುವಷ್ಟು ಹಸಿರು, ಎಲೆಗಳು ಅಂಗೈಯಗಲ. ಕ್ಯಾಂಟೀನಿನಲ್ಲಿ, ನೌಪಾಡಾದಲ್ಲಿ ನಮ್ಮವರೇ ನಡೆಸುವ ಒಂದು ಹೋಟೆಲಿನಲ್ಲಿ ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿದೆ. ಎರಡನೇ ಬೆಳೆಗೆ ಅಷ್ಟೇ ಹಾಕಿದರೆ ಎಲೆ ಹಳದಿಯಾಯಿತು, ಇನ್ನಷ್ಟು ಹಾಕಿದೆ. ಮೂರನೆಯದಕ್ಕೆ ಮತ್ತಷ್ಟು. ಚಹಾ ಕುಡಿಯದೆ ಹಾಸಿಗೆಯಿಂದ ಏಳದವರಿರುತ್ತಾರಲ್ಲ, ಆ ನೆಲದ ಅವಸ್ಥೆ ಅದೇ ಆಗಿತ್ತು. ಕೊಬ್ಬಿದ ಎಲೆಗೆ ಹುಳ ಬಂತು, ಹುಳಕ್ಕೆ ಮದ್ದು ಬಂತು, ಮದ್ದಿಗೆ ಒಗ್ಗಿದ ಹುಳ ಮತ್ತೆ ಬಂತು. ಸಂಜೆ ಪಂಪಿನ ಹತ್ತಿರ ಕೈಕಾಲು ತೊಳೆಯುವಾಗ ಒಂದು ವಿಷಯ ನನಗೆ ಹೊಳೆಯಿತು. ಆ ತೋಟದಲ್ಲಿ ಶಬ್ದವೇ ಇರಲಿಲ್ಲ. ಜೀರುಂಡೆ ಇಲ್ಲ, ಕಪ್ಪೆ ಇಲ್ಲ. ದೂರದಲ್ಲಿ ಹೈವೇಯ ಲಾರಿಗಳ ಸದ್ದು ಬಿಟ್ಟರೆ ಎಲೆಯ ಮೇಲೆ ಎಲೆ ತಾಗುವುದು ಕೂಡ ಕೇಳುತ್ತಿತ್ತು. ನನಗೆ ಹೆದರಿಕೆಯಾಯಿತು, ಯಾರ ಹತ್ತಿರವೂ ಹೇಳಲಿಲ್ಲ.

ಅಮ್ಮ ಮಾತ್ರ ಪ್ರತಿ ಭಾನುವಾರ ಊಟಕ್ಕೆ ಕೂತಾಗ ಕೇಳುತ್ತಿದ್ದಳು. "ಮಣ್ಣು ಹೇಗುಂಟು?"

"ಒಳ್ಳೆಯದುಂಟು."

"ಎರೆಹುಳ ಉಂಟಾ?"

"ಬೇಕಾದಷ್ಟುಂಟು ಅಮ್ಮ."

ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಅಮ್ಮ ಸೊಸೈಟಿಯ ಹೆಂಗಸರಿಗೆಲ್ಲ ನನ್ನ ತೋಟದ ಎರೆಹುಳಗಳ ಬಗ್ಗೆ ಹೇಳಿಕೊಂಡು ಬಂದಳು. ಮರಾಠಿ ಅವಳಿಗೆ ಅರೆಬರೆ, ಬೆರಳನ್ನು ಹುಳದ ಹಾಗೆ ಆಡಿಸಿ ತೋರಿಸುತ್ತಿದ್ದಳಂತೆ. ಜನವರಿ ಬಂದದ್ದೇ, "ಈ ಸಲ ಕೆಡ್ಡಸ ನಿನ್ನ ತೋಟದಲ್ಲಿ" ಎಂದು ತೀರ್ಮಾನ ಕೊಟ್ಟಳು. ನನಗೂ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಎಂಬತ್ತಕ್ಕೆ ಹತ್ತಿರವಾಗಿದ್ದವಳು, ಅವಳಿಗೆ ನಾನು ಕೊಟ್ಟದ್ದಾದರೂ ಏನಿತ್ತು? ಟೀಚರಾಗಿದ್ದ ಹೆಂಡತಿ ಶಾಲೆಗೆ ರಜೆ ಹಾಕಿ ಬಂದು ಎಣ್ಣೆ ಬಿಡುವುದು, ಅಮ್ಮ ಪಕ್ಕದಲ್ಲಿ ನಿಂತು ನೋಡುವುದು ಎಂದು ಮಾತಾಯಿತು.

ತಪ್ಪಾದದ್ದು ಇಲ್ಲಿಂದ. ಮೂರು ದಿನ ತೋಟಕ್ಕೆ ಕತ್ತಿ, ಹಾರೆ ತಾಗಿಸಬಾರದು. ಕಳೆ ಕೀಳಬಾರದು, ಕೊಯ್ಯಬಾರದು. ಅದೇ ವಾರ ಹರಿವೆಯ ಬುಡಕ್ಕೆ ಹುಳ ಬಿದ್ದಿತ್ತು. ಮೂರು ದಿನ ಸುಮ್ಮನೆ ಬಿಟ್ಟರೆ ಒಂದು ಪಟ್ಟೆಯೂ ಉಳಿಯುವುದಿಲ್ಲ, ಕೆಡ್ಡಸ ಮುಗಿದ ಮರುದಿನವೇ ನೌಪಾಡಾದ ಹೋಟೆಲಿನವರಿಗೆ ದೊಡ್ಡ ಸಮಾರಂಭವೊಂದಕ್ಕೆ ಸೊಪ್ಪು ಕೊಡುವುದಿತ್ತು. ನಾನು ತಲೆ ಓಡಿಸಿದೆ. ಅಗೆಯಬಾರದು, ಕಡಿಯಬಾರದು ಎಂದು ಕಟ್ಟಲೆ ಇದೆ. ಎರಚಬಾರದು ಎಂದು ಯಾರೂ ಹೇಳಿರಲಿಲ್ಲ. ಅದರ ಮೇಲೆ, ಮೂರು ದಿನ ಶುರುವಾಗುವ ಹಿಂದಿನ ದಿನವೇ ಎರಚಿಬಿಟ್ಟರೆ ಕಟ್ಟಲೆ ಮುರಿದ ಹಾಗೂ ಅಲ್ಲ! ತುಳುವರಿಗೆ ಮಾತ್ರ ಬರಬಹುದಾದ ಬುದ್ಧಿವಂತಿಕೆ ಇದು. ಅಂಗಡಿಯವನಿಂದ ಹರಳು ಮದ್ದು ತಂದೆ, ನೀಲಿಯ ಸಣ್ಣ ಸಣ್ಣ ಕಾಳು. ಮೂರು ದಿನ ಹುಳ ತಡೆಯಬೇಕಲ್ಲ ಎಂದು, ಅವನು ಹೇಳಿದ ಅಳತೆಯ ಎರಡು ಪಾಲು ತೆಗೆದುಕೊಂಡೆ.

ಕಳೆ ಕೀಳಲು ಬರುತ್ತಿದ್ದ ಆ ಹೆಂಗಸು ಮದ್ದನ್ನು ಮರಳಿನಲ್ಲಿ ಕಲಸಿ, ಮಡಿಲಲ್ಲಿ ತುಂಬಿಕೊಂಡು, ಬರಿಗೈಯಲ್ಲಿ ಪಟ್ಟೆ ಪಟ್ಟೆಗೂ ಎರಚಿದಳು. "ಭಾಳ ಆಗ್ಲಿಲ್ಲೇನ್ರಿ ಅಣ್ಣಾರ? ಮೂಗಿಗೆ ಹೊಡೀಲತ್ತದ" ಎಂದಳು. ನಾನು ಬದುವಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಪಂಪಿನ ಪಕ್ಕ ಚಾಪೆಯಷ್ಟು ಜಾಗಕ್ಕೆ ಹಾಕಬೇಡ, ಅಲ್ಲಿ ನಮ್ಮ ಅಮ್ಮ ಪೂಜೆ ಮಾಡುತ್ತಾರೆ ಎಂದೆ. ಅವಳು ಆ ಜಾಗದ ಸುತ್ತ ಕಡ್ಡಿಯಿಂದ ಗೆರೆ ಎಳೆದಳು. ನನ್ನ ಮುಂದಾಲೋಚನೆಗೆ ನಾನೇ ತಲೆದೂಗಿದೆ.

ಕಡೆಯ ಕೆಡ್ಡಸದ ದಿನ ಬೆಳಿಗ್ಗೆ ಹೆಂಡತಿಗೆ ಶಾಲೆಯಲ್ಲಿ ರಜೆ ಸಿಗಲಿಲ್ಲ. ಅಮ್ಮ ಆಗಲೇ ನನ್ನೆರಿಯ ಡಬ್ಬ ಕಟ್ಟಿಕೊಂಡು, ಎಣ್ಣೆ, ಅರಶಿನ, ಕುಂಕುಮ ಚೀಲಕ್ಕೆ ಹಾಕಿಕೊಂಡು, ಬಾಗಿಲಲ್ಲಿ ಕೂತಿದ್ದಳು. "ಇವತ್ತು ಬೇಡ ಬಿಡು, ಎಣ್ಣೆ ಬಿಡುವವರು ಇಲ್ಲ" ಎಂದಳು. ಮುಖ ಸಣ್ಣದಾಗಿತ್ತು. ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಿಲ್ಲ.

"ನೀನೇ ಬಿಡು. ನೆಲಕ್ಕೆ ಯಾರು ಮುತ್ತೈದೆ, ಯಾರು ಅಲ್ಲ ಎಂದು ಗೊತ್ತಾಗುತ್ತದಾ?"

"ಹಾಗೆ ಹೇಳಬಾರದು ಮಗಾ. ಕ್ರಮ ಅಲ್ಲ ಅದು."

"ಕ್ರಮ ನಾನು ನೋಡಿಕೊಳ್ಳುತ್ತೇನೆ, ನೀನು ಬಾ."

ಬಂದಳು. ಲೋಕಲ್‌ನಲ್ಲಿ ಡಬ್ಬವನ್ನು ಮಡಿಲಿಂದ ಕೆಳಗಿಡಲಿಲ್ಲ. ತೋಟದಲ್ಲಿ ಚಪ್ಪಲಿ ಬಿಟ್ಟು ಬದುವಿನ ಮೇಲೆ ನಿಂತವಳು ಆ ಹಸಿರನ್ನು ನೋಡಿ ಎರಡೂ ಕೈ ಎತ್ತಿ ಮುಗಿದಳು. ಪಂಪಿನ ಪಕ್ಕದ ಗೆರೆ ಹಾಕಿದ ಜಾಗ ತೋರಿಸಿದೆ. ಅವಳು ಅದನ್ನು ನೋಡಿ ನಕ್ಕಳು. "ಕುಂಡ ಬಿಟ್ಟು ಬಂದದ್ದು ಈ ಮೂಲೆಗಾ? ತಾಯಿ ಇರುವುದು ಗಿಡದ ಬುಡದಲ್ಲಿ ಮಾರಾಯ" ಎಂದವಳೇ, ಸೀರೆ ಎತ್ತಿ ಸಿಕ್ಕಿಸಿಕೊಂಡು ಪಟ್ಟೆಗಳ ನಡುವೆ ನಡೆದುಬಿಟ್ಟಳು.

ಆಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಮ್ಮ, ಅಲ್ಲಿ ವಿಷ ಹಾಕಿದ್ದೇನೆ, ಬಾ. ಅಷ್ಟೇ. ಆ ವಾಕ್ಯವನ್ನು ಆಮೇಲೆ ನಾನು ಬಾಯೊಳಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಅಂದು ಬಾಯಿ ಬರಲಿಲ್ಲ. ಹೇಳಿದ್ದರೆ ಎರೆಹುಳದ ಸುಳ್ಳೂ ಹೊರಬೀಳುತ್ತಿತ್ತು. ಸ್ವಲ್ಪ ಎಣ್ಣೆ ತಾನೇ, ಬೇಗ ಮುಗಿಸುತ್ತಾಳೆ ಎಂದುಕೊಂಡು ಸುಮ್ಮನೆ ನಿಂತೆ.

ಅವಳು ಬೇಗ ಮುಗಿಸಲಿಲ್ಲ. ಮೂವತ್ತೆಂಟು ವರ್ಷ ಕಾದವಳು. ಮಣ್ಣಿನ ಮೇಲೆ ಮಂಡಿಯೂರಿ ಕೂತು ಎಣ್ಣೆ ಬಿಟ್ಟಳು, ಬಿಟ್ಟ ಎಣ್ಣೆಯನ್ನು ಅಂಗೈಯಿಂದ ಒತ್ತಿ ಒತ್ತಿ ಉಜ್ಜಿದಳು. ಅರಶಿನ ಹಚ್ಚಿದಳು. ಏನೋ ಮಾತಾಡುತ್ತಿದ್ದಳು, ನನಗೆ ಕೇಳಿಸದಷ್ಟು ಮೆಲ್ಲಗೆ. ನನ್ನೆರಿಯನ್ನು ಮುಷ್ಟಿ ಮುಷ್ಟಿ ತೆಗೆದು ಗಿಡಗಳ ಬುಡಕ್ಕೆ ಉದುರಿಸುತ್ತ ಹೋದಳು. ಆ ಹೆಂಗಸು ಬದುವಿನ ಆಚೆ ಸೆರಗು ತಲೆಗೆ ಹೊದ್ದು ಕೈಮುಗಿದು ನಿಂತಿದ್ದಳು. "ನಮ್ಮ ಕಡೆ ಹೊಲಕ್ಕ ಚರಗಾ ಚೆಲ್ತೀವ್ರಿ ಅಮ್ಮಾರ, ಹಿಂಗೇ" ಎಂದಳು. ಅಮ್ಮನಿಗೆ ಮಾತು ಪೂರ್ತಿ ಅರ್ಥವಾಗದಿದ್ದರೂ ಖುಷಿಯಾಗಿ ಅವಳ ಕೈಗೂ ಒಂದು ಹಿಡಿ ಹಾಕಿದಳು.

ಅಷ್ಟರಲ್ಲಿ ಮೈನಾಗಳು ಬಂದವು. ಆ ತೋಟಕ್ಕೆ ಹಕ್ಕಿ ಇಳಿದದ್ದನ್ನು ನಾನು ನೋಡಿದ್ದೇ ಅದು ಮೊದಲು. ಬೆಲ್ಲ, ಕಾಯಿಯ ವಾಸನೆಗೆ ಬಂದಿರಬೇಕು. ಮೊದಲು ಎರಡು, ಆಮೇಲೆ ಏಳೆಂಟು. ನನ್ನೆರಿಯ ಜೊತೆಗೆ ಮಣ್ಣಿನ ಮೇಲಿದ್ದದ್ದನ್ನೆಲ್ಲ ಹೆಕ್ಕತೊಡಗಿದವು. ಅಮ್ಮ ಬದುವಿಗೆ ಬಂದು ನನ್ನ ತೋಳು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ನೋಡು, ತಾಯಿ ತಕ್ಕೊಂಡಳು" ಎಂದಳು.

ನಾನು ಹುಶ್ ಎಂದು ಓಡಿಸಲು ಹೋದೆ. "ಎಂತ ಮಾಡ್ತಿ? ತಿನ್ನಲಿ!" ಎಂದು ಗದರಿದಳು. ನಿಂತೆ. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಒಂದು ಮೈನಾ ಹಾರಲು ಹೋಗಿ ಪಕ್ಕಕ್ಕೆ ಬಿತ್ತು. ಇನ್ನೊಂದು ರೆಕ್ಕೆ ಬಿಚ್ಚಿ ಅದೇ ಜಾಗದಲ್ಲಿ ಸುತ್ತಿತು. ಮೂರನೆಯದು ಕೊಕ್ಕು ತೆರೆದುಕೊಂಡು ಕೂತಿದ್ದದ್ದು ಕೂತ ಹಾಗೆಯೇ ಮುಂದಕ್ಕೆ ಮಗುಚಿತು. ಗಲಾಟೆ ಇಲ್ಲ, ಕಿರುಚಾಟ ಇಲ್ಲ. ಹರಿವೆಯ ಎಲೆಗಳು ಅಲ್ಲಲ್ಲಿ ಅಲುಗಿದವು, ಆಮೇಲೆ ಅದೂ ನಿಂತಿತು. ಅಮ್ಮ ನನ್ನ ತೋಳನ್ನು ಬಿಟ್ಟಳು.

ನನಗೆ ಆ ಕ್ಷಣ ಹೊಳೆದದ್ದು ಅವಳ ಕೈ. ಅಂಗೈ ತುಂಬ ಎಣ್ಣೆ, ಎಣ್ಣೆಗೆ ಮೆತ್ತಿದ ಮಣ್ಣು, ಮಣ್ಣಿನಲ್ಲಿ ನೀಲಿ ಕಾಳು. ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಪಂಪಿಗೆ ಹೋದೆ. ಸೋಪು ಹಚ್ಚಿ ತೊಳೆದೆ, ಬೆರಳಿನ ಸಂದು ಬಿಡಿಸಿ ತೊಳೆದೆ, ಉಗುರಿನೊಳಗೆ ಕಡ್ಡಿ ಹಾಕಿ ತೆಗೆದೆ, ಮತ್ತೆ ತೊಳೆದೆ. ಅತ್ತ ಆ ಹೆಂಗಸು ಸೆರಗಿನಲ್ಲಿ ಹಕ್ಕಿಗಳನ್ನು ಒಂದೊಂದಾಗಿ ಹೆಕ್ಕಿ ಹಾಕಿಕೊಳ್ಳುತ್ತಿದ್ದಳು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಹೇಳಿದಳು, "ಸಾಕು ಮಗಾ. ನೀರಿನಲ್ಲಿ ಹೋಗುವಂಥದ್ದಲ್ಲ ಅದು. ನಾನು ಮುಟ್ಟಬಾರದಿತ್ತು."

ಮೊದಲಿಗೆ ಅರ್ಥವಾಗಲಿಲ್ಲ. ಅರ್ಥವಾದಾಗಲೂ ಬಾಯಿ ಬಿಡಲಿಲ್ಲ. ಗಂಡ ಸತ್ತವಳು ನೆಲಕ್ಕೆ ಎಣ್ಣೆ ಬಿಟ್ಟಳು, ತಾಯಿ ಒಲ್ಲೆ ಎಂದಳು, ಬಡಿಸಿದ್ದನ್ನು ತಿಂದ ಹಕ್ಕಿ ಸತ್ತಿತು. ಅಮ್ಮನ ಲೆಕ್ಕ ಅದು. ನಾನು ಅವಳ ಕೈಯ ಅಪಶಕುನ ತೊಳೆಯುತ್ತಿದ್ದೇನೆ ಎಂದುಕೊಂಡಿದ್ದಳು. ಅಯ್ಯೋ ಎಂದು ಕಾಲಿಗೆ ಬೀಳಬೇಕಿತ್ತು ನಾನು. "ಹಕ್ಕಿಗೆ ಏನೋ ರೋಗ ಬಂದಿರಬೇಕು" ಎಂದೆ.

ಮರುದಿನ ಆ ಹರಿವೆಯನ್ನು ಕೊಯ್ದು ಕಳಿಸಿದೆನೇ? ಕಳಿಸಿದೆ. ಮಾತು ಕೊಟ್ಟಾಗಿತ್ತು. ತಿಂದವರಿಗೆ ಏನೂ ಆಗಲಿಲ್ಲ, ನನಗೆ ಗೊತ್ತಿರುವ ಮಟ್ಟಿಗೆ. ಆದರೆ ಈ ವಿಷಯದಲ್ಲಿ ನನಗೆ ಗೊತ್ತಿರುವುದು ಬಹಳ ಕಡಿಮೆ. ಇವತ್ತಿಗೂ ಯಾರದೋ ಮದುವೆಯಲ್ಲಿ ಎಲೆಯ ತುದಿಗೆ ಹರಿವೆ ಪಲ್ಯ ಬಡಿಸಿದರೆ ಸಾಲಿನಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ.

ಅಮ್ಮ ಅಂದಿನಿಂದ ಬದಲಾದಳು. ತುಳಸಿಗೆ ನೀರು ಹಾಕುವುದು ಬಿಟ್ಟಳು. "ನೀನೇ ಹಾಕು, ನನ್ನ ಕೈ ಬೇಡ" ಎಂದು ಸೊಸೆಗೆ ಹೇಳಿದಳು. ಹಬ್ಬದ ಅಡಿಗೆಗೆ ಕೈ ಹಾಕಲಿಲ್ಲ. ಕೆಳಮನೆಯ ಹುಡುಗಿ ಪರೀಕ್ಷೆಗೆ ಹೋಗುವಾಗ ಕಾಲು ಮುಟ್ಟಲು ಬಂದರೆ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಎರೆಹುಳದ ಮಾತು ಮತ್ತೆ ಎತ್ತಲಿಲ್ಲ. ಹೆಂಡತಿ ಒಂದೆರಡು ಸಲ ಕೇಳಿದಳು, ಅಂದು ತೋಟದಲ್ಲಿ ಏನಾಯಿತೆಂದು. ಏನಿಲ್ಲ, ವಯಸ್ಸಾಯಿತಲ್ಲ ಎಂದೆ. ಹೀಗೆ ಐದು ವರ್ಷ. ನಾನು ಕಣ್ಣಾರೆ ನೋಡುತ್ತಿದ್ದೆ. ಪ್ರತಿ ದಿನ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ.

ತೋಟಕ್ಕೆ ನಾನು ಬೇರೆ ಪ್ರಾಯಶ್ಚಿತ್ತ ಮಾಡಲು ಹೊರಟೆ, ಹೇಳುವ ಧೈರ್ಯ ಇಲ್ಲದವರು ಮಾಡುವುದೇ ಅದು. ಮದ್ದು ಬಿಟ್ಟೆ, ಚೀಲದ ಗೊಬ್ಬರ ಬಿಟ್ಟೆ. ಎಮ್ಮೆ ಕಟ್ಟುವ ತಬೇಲಾದಿಂದ ಸೆಗಣಿ ತಂದು ಹಾಕಿದೆ, ಒಣಗಿದ ಎಲೆ ಹೊದಿಸಿದೆ. ಬೆಳೆ ಏಳಲಿಲ್ಲ. ಆ ಹೆಂಗಸಿಗೆ ಕೊಡಲು ಕೆಲಸ ಉಳಿಯಲಿಲ್ಲ, ಅವಳು ಬರುವುದು ನಿಂತಿತು. ಎರಡು ಮಳೆಗಾಲ ನಾನೊಬ್ಬನೇ ಹೋಗಿ, ಮಂಡಿಯೂರಿ ಕೂತು, ಕೈಯಿಂದ ಮಣ್ಣು ಕೆದಕಿ ಎರೆಹುಳ ಹುಡುಕಿದ್ದೇನೆ. ಮಣ್ಣು ತುಸು ಮೆತ್ತಗಾಗಿತ್ತು. ಹುಳ ಇರಲಿಲ್ಲ. ಒಂದೇ ಒಂದು ಹುಳ ಸಿಕ್ಕಿದ್ದರೆ ಡಬ್ಬದಲ್ಲಿ ಹಾಕಿಕೊಂಡು ಬಂದು ಅಮ್ಮನ ಮುಂದೆ ಇಟ್ಟು ಎಲ್ಲ ಹೇಳಿಬಿಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೂ ಒಂದು ನೆಪವೇ. ಮೂರನೇ ವರ್ಷ ಧಣಿ ಗೋಡೌನಿಗೆಂದು ಅದರ ಮೇಲೆ ಕಟ್ಟಡ ಒಡೆದ ಕಲ್ಲುಮಣ್ಣು ಸುರಿಸಿದ. ಲಾರಿಗಳು ಸುರಿಯುವಾಗ ನಾನು ರಸ್ತೆಯಲ್ಲಿ ನಿಂತು ನೋಡಿದೆ. ಸತ್ತವರ ಮೇಲೆ ಮಣ್ಣು ಹಾಕುವುದು ಕೇಳಿದ್ದೇನೆ. ಅಂದು ಸತ್ತ ಮಣ್ಣಿನ ಮೇಲೆಯೇ ಹಾಕುತ್ತಿದ್ದರು.

ಕಳೆದ ವರ್ಷ ಮಗಳಿಗೆ ಹೆರಿಗೆಯಾಯಿತು. ಅವಳಿರುವುದು ಖಾರಘರದಲ್ಲಿ, ಗುಡ್ಡಕ್ಕೆ ಮುಖ ಮಾಡಿದ ಎತ್ತರದ ಕಟ್ಟಡದಲ್ಲಿ. ನಮ್ಮ ಮನೆಯಲ್ಲಿ ಮಗುವಿಗೆ ಮೊದಲ ಎಣ್ಣೆಸ್ನಾನ ಮಾಡಿಸುವುದು ಹಿರಿಯಳ ಕೈ. ನನ್ನ ಮಕ್ಕಳಿಗೆಲ್ಲ ಅಮ್ಮನೇ ಮಾಡಿಸಿದ್ದಳು. ಮಗಳಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತವೆ, ಬಾಯಿಗೆ ಬರುವುದು ಮರಾಠಿ. ಎಣ್ಣೆ ಬಿಸಿ ಮಾಡಿ, ಮಣೆ ಹಾಕಿ, "ಆಜೀ, ಯೇ ನಾ, ಬಾಳ್ ವಾಟ್ ಬಘ್ತಯ್" ಎಂದು ಕರೆದಳು. ಮಗು ಕಾಯುತ್ತಿದೆ, ಬಾ ಅಂತ.

ಅಮ್ಮ ಕುರ್ಚಿಯಿಂದ ಏಳಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. "ಬೇಡ ಮಗಳೇ. ಸಣ್ಣ ಜೀವ. ನನ್ನ ಕೈ ಬೇಡ" ಎಂದಳು. ಮಗಳು ನನ್ನ ಮುಖ ನೋಡಿದಳು. ಮಗು ಅಳತೊಡಗಿತ್ತು. ಮರಿಮಗಳನ್ನು ಮುಟ್ಟಲು ಅಮ್ಮನಿಗೆ ಎಷ್ಟು ಆಸೆಯಿತ್ತೆಂದರೆ ಆ ಅಳು ಕೇಳಿ ಅವಳ ಭುಜಗಳು ಅಲುಗಿದವು, ಕೈ ಮಾತ್ರ ಹೊರಗೆ ಬರಲಿಲ್ಲ. ನನಗೆ ತಡೆಯಲು ಆಗಲಿಲ್ಲ.

ಮಗಳ ಮುಂದೆಯೇ ಹೇಳಿದೆ. ಕುರ್ಚಿಯ ಹತ್ತಿರ ನೆಲದ ಮೇಲೆ ಕೂತು ಹೇಳಿದೆ. ನೀಲಿ ಹರಳು, ಎರಡು ಪಾಲು, ಹಿಂದಿನ ದಿನ ಎರಚಿದ್ದು, ಗೆರೆ ಹಾಕಿದ ಜಾಗ ಏಕೆ ತೋರಿಸಿದೆ ಎಂಬುದು, ಎರೆಹುಳ ಒಂದೂ ಇರಲಿಲ್ಲ ಎಂಬುದು, ಎಲ್ಲ. "ಹಕ್ಕಿ ಸತ್ತದ್ದು ನನ್ನ ವಿಷದಿಂದ ಅಮ್ಮ. ನಿನ್ನ ಕೈಯಿಂದ ಅಲ್ಲ. ತಾಯಿ ನಿನ್ನನ್ನು ಒಲ್ಲೆ ಎನ್ನಲಿಲ್ಲ. ವಿಷ ಹತ್ತದಿರಲಿ ಎಂದು ನಿನ್ನ ಕೈ ತೊಳೆದದ್ದು." ನನಗೆ ಅಳು ಬಂದಿತ್ತು. ಅಮ್ಮ ಅಳಲಿಲ್ಲ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಎದ್ದಳು. ಮಣೆಯ ಮೇಲೆ ಕೂತು ಕಾಲು ನೀಡಿಕೊಂಡಳು. ಮಗುವನ್ನು ಇಸಿದುಕೊಂಡು ಕಾಲ ಮೇಲೆ ಮಲಗಿಸಿ, ಎಣ್ಣೆಯಲ್ಲಿ ಬೆರಳದ್ದಿದಳು. ಐದು ವರ್ಷದ ಮೇಲೆ ಆ ಕೈ ಇನ್ನೊಂದು ಜೀವದ ಮೇಲೆ ಓಡಾಡುವುದನ್ನು ನೋಡಿದೆ. ನೆತ್ತಿ, ಎದೆ, ಬೆನ್ನು, ಒಂದೊಂದು ಬೆರಳು. ಮಗು ಸುಮ್ಮನಾಯಿತು. ಮಗಳು ಬಿಸಿನೀರು ಹೊಯ್ದಳು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು, ಇನ್ನು ಮೇಲೆ ನಾನು ಎಲ್ಲರಂತೆ ಬದುಕಬಹುದು ಎಂದು ಅನಿಸಿತು. ನಾಚಿಕೆಯಾಗುತ್ತದೆ ಹೇಳಲು, ನಾನು ಆ ಹೊತ್ತಿಗೆ ಸಂತೋಷವಾಗಿದ್ದೆ.

ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟ ಮೇಲೆ ಅಮ್ಮ ಮೊದಲ ಸಲ ಬಾಯಿ ತೆರೆದಳು. ನನ್ನ ಕಡೆ ತಿರುಗಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೇಳಿದಳು.

"ಎರಚಿದ್ದು ಯಾರು?"

"ಆ ಹೆಂಗಸು."

"ಯಾವುದರಲ್ಲಿ?"

"ಕೈಯಲ್ಲೇ."

"ಹಕ್ಕಿ ಹೆಕ್ಕಿದ್ದೂ ಅವಳೇ. ನನ್ನೆರಿ ಅವಳ ಕೈಗೆ ನಾನೇ ಹಾಕಿದ್ದೆ, ಅವಳು ತಿಂದಿದ್ದಳು." ಅಮ್ಮ ಅಂಗೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. "ನೀನು ನನ್ನ ಕೈ ಮೂರು ಸಲ ತೊಳೆದೆ. ಅವಳದ್ದು ತೊಳೆಸಿದಿಯಾ?"

ಐದು ವರ್ಷ ನಾನು ಹಕ್ಕಿಗಳನ್ನು ನೆನೆಸಿಕೊಂಡಿದ್ದೆ, ಸೊಪ್ಪು ತಿಂದವರನ್ನು ನೆನೆಸಿಕೊಂಡಿದ್ದೆ, ಅಮ್ಮನನ್ನು, ಮಣ್ಣನ್ನು, ಇಲ್ಲದ ಎರೆಹುಳವನ್ನು ಕೂಡ. ಆ ಹೆಂಗಸು ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ.

"ಇಲ್ಲ ಅಮ್ಮ" ಎಂದೆ.